ರಟ್ಟಿನಿಂದ ಶುರುವಾದ ದೋಟಿ

ನಮಸ್ಕಾರ. ಮೊದಲು ಈ ಮೇಜು ನೋಡಿ. ಇದರ ಮೇಲೆ ಹನ್ನೊಂದು ಮಾಡೆಲ್ ಸಾಲಾಗಿ ಇಟ್ಟಿದ್ದೇವೆ. ಎಡಗಡೆ ಮೊದಲನೆಯದು ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಟೇಪು ಸುತ್ತಿದ್ದು. ಬಲಗಡೆ ಕೊನೆಯದಕ್ಕೆ ಅಲ್ಯೂಮಿನಿಯಂ ಕೊಳವೆ, ಹಿಡಿಕೆ, ಎರಕ ಹೊಯ್ದ ಕ್ಲಾಂಪು, ಬ್ಲೇಡು ಎಲ್ಲವೂ ಇದೆ. ಇವೆರಡರ ನಡುವೆ ಎಂಟು ತಿಂಗಳು ಕಳೆದಿವೆ.

ನಾನು ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ ಓದುತ್ತಿದ್ದೇನೆ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ನಾವು ನಾಲ್ಕು ಜನ ಸೇರಿ ಮಾಡಿದ ಪ್ರಾಡಕ್ಟ್ ಡಿಸೈನ್ ಪ್ರಾಜೆಕ್ಟ್ ಇದು. ಲಿಂಬೆಹಣ್ಣು ಕೀಳುವ ದೋಟಿ. ಪ್ರಾಜೆಕ್ಟ್ ಮುಗಿದ ಮೇಲೆ ಕೊನೆಯ ಮಾಡೆಲ್ಲಿನ ಫೋಟೊ ಎಲ್ಲರೂ ಹಾಕುತ್ತಾರೆ. ನನಗೆ ತೋರಿಸಬೇಕು ಅನಿಸಿದ್ದು ನಡುವಿನ ಆ ಒಂಬತ್ತನ್ನು. ಮುರಿದದ್ದು, ಬಾಗಿದ್ದು, ಅರ್ಧಕ್ಕೆ ಬಿಟ್ಟದ್ದು. ನಮ್ಮ ದೋಟಿ ನಿಜವಾಗಿ ಹುಟ್ಟಿದ್ದು ಅವುಗಳಲ್ಲೇ.

ಈಗ ಕಾಣುತ್ತಿರುವುದು ನಮ್ಮ ಚಿಗವ್ವನ ತೋಟ. ಇಂಡಿ ಲಿಂಬೆ ಕೇಳಿರುತ್ತೀರಿ, ಅಲ್ವಾ? ತೆಳು ಸಿಪ್ಪೆ, ರಸ ಜಾಸ್ತಿ. ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಗಿಡದ ತುಂಬ ಮುಳ್ಳು. ಚಿಗವ್ವನ ಕೈ ಹತ್ತಿರದಿಂದ ತೋರಿಸುತ್ತೇನೆ. ಮೊಣಕೈವರೆಗೂ ಸಣ್ಣ ಸಣ್ಣ ಗೀರು. ಕೆಲವು ಹೊಸವು, ಇನ್ನೂ ಕೆಂಪಗಿವೆ. ಕೆಲವು ಹಳೆಯವು, ಬಿಳಿ ಗೆರೆಯಾಗಿ ಉಳಿದುಬಿಟ್ಟಿವೆ. ಹೆಬ್ಬೆರಳಿನ ಬುಡದಲ್ಲಿ ಆ ಕಪ್ಪು ಚುಕ್ಕೆ ಇದೆಯಲ್ಲ, ಅದು ಒಳಗೇ ಮುರಿದು ಉಳಿದ ಮುಳ್ಳು. ಇಂಥ ಕೈಗೆ ದಿನವಿಡೀ ಲಿಂಬೆ ರಸ ತಾಗುತ್ತಿರುತ್ತದೆ.

ಎತ್ತರದ ಹಣ್ಣಿಗೆ ಎಲ್ಲರ ಮನೆಯಲ್ಲೂ ದೋಟಿ ಇದೆ. ಉದ್ದನೆಯ ಗಳ, ತುದಿಗೊಂದು ಕೊಕ್ಕೆ. ಜಗ್ಗಿದರೆ ಹಣ್ಣು ನೆಲಕ್ಕೆ ಬಿದ್ದು ಜಜ್ಜಿಹೋಗುತ್ತದೆ. ತೊಟ್ಟಿನ ಹತ್ತಿರ ಸಿಪ್ಪೆ ಕಿತ್ತುಬಂದರೆ ಕೊಳೆಯುವುದು ಅಲ್ಲಿಂದಲೇ ಶುರು. ಹಾಗಾಗಿ ಮೂರು ಸಾಲು ಬರೆದು ರೂಮಿನ ಗೋಡೆಗೆ ಅಂಟಿಸಿದೆವು. ತೊಟ್ಟು ಕತ್ತರಿಸಬೇಕು. ಹಣ್ಣು ಬೀಳಬಾರದು. ಕೈ ಮುಳ್ಳಿನೊಳಗೆ ಹೋಗಬಾರದು.

ಆಮೇಲೆ ಸ್ಕೆಚ್. ಈ ಪುಸ್ತಕದ ತುಂಬ ಇರುವುದು ಅವೇ, ನಲವತ್ತಕ್ಕೂ ಹೆಚ್ಚು. ಮೋಟಾರು ಇರುವುದು, ಬ್ಯಾಟರಿ ಇರುವುದು, ಕ್ಯಾಮೆರಾ ಇಟ್ಟು ಹಣ್ಣು ಗುರುತಿಸುವುದು. ಮೋಟಾರಿನ ಸ್ಕೆಚ್ ನೋಡಿ ಎಲ್ಲರಿಗೂ ಖುಷಿಯಾಗಿತ್ತು. ನಮ್ಮ ಗೈಡ್ ಬೇರೇನೂ ಹೇಳಲಿಲ್ಲ. ಎರಡು ಮೀಟರ್ ಕೋಲಿನ ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ, ಹತ್ತು ನಿಮಿಷ ಮೇಲೆ ಎತ್ತಿ ಹಿಡಿಯಿರಿ ಅಂದರು. ಮೂರನೇ ನಿಮಿಷಕ್ಕೆ ನನ್ನ ಭುಜ ಉರಿಯತೊಡಗಿತು. ತೂಕ ಅಷ್ಟೇ, ಆದರೆ ಕೈಯಿಂದ ದೂರ ಹೋದಷ್ಟೂ ಅದು ಕೋಲನ್ನು ಕೆಳಕ್ಕೆ ತಿರುಗಿಸುವ ಪರಿಣಾಮ ಹೆಚ್ಚುತ್ತದೆ. ಕಾಲೇಜಿನಲ್ಲಿ ಮೊಮೆಂಟ್ ಅಂತ ಓದಿದ್ದೆ. ಭುಜಕ್ಕೆ ಗೊತ್ತಾಗಿದ್ದು ಆವತ್ತೇ. ಮೋಟಾರಿನ ಸ್ಕೆಚ್‌ಗಳು ಅಲ್ಲಿಗೇ ನಿಂತವು.

ಅದರ ಬದಲು ಸೈಕಲ್ ಬ್ರೇಕು ಬಂತು. ಕೆಳಗೆ ಲಿವರ್ ಒತ್ತಿದರೆ ವೈರು ಮೇಲಿನ ಬ್ಲೇಡನ್ನು ಎಳೆಯುತ್ತದೆ. ಕೈ ಬಿಟ್ಟರೆ ಸ್ಪ್ರಿಂಗು ವಾಪಸ್ ತರುತ್ತದೆ. ಹಳ್ಳಿಯ ಸೈಕಲ್ ಅಂಗಡಿಯಲ್ಲೂ ರಿಪೇರಿ ಆಗುತ್ತದೆ. ಈ ಒಂದು ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ಈಗ ರಟ್ಟಿನ ಮಾಡೆಲ್. ಇದನ್ನು ಮಾಡಲು ಒಂದು ಸಂಜೆ ಸಾಕಾಯಿತು. ಕತ್ತರಿ, ಟೇಪು, ಫೆವಿಕಾಲ್, ಅಷ್ಟೇ. ತುದಿಗೆ ಹಣ್ಣು ಬೀಳಲು ಒಂದು ಬಟ್ಟಲು, ಕೆಳಗೆ ಹಿಡಿಕೆ. ಇದನ್ನು ಕಾಲೇಜಿನಲ್ಲಿ ತೋರಿಸಲು ಸಂಕೋಚ ಆಗಿತ್ತು. ಆದರೂ ಚೀಲದಲ್ಲಿ ಹಾಕಿಕೊಂಡು ಊರಿಗೆ ಹೋದೆ. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಅರ್ಧ ದಿನ, ಅಲ್ಲಿಂದ ಇಂಡಿಗೆ ಇನ್ನೊಂದು ಬಸ್ಸು.

ಈ ಕ್ಲಿಪ್ ದಯವಿಟ್ಟು ಗಮನವಿಟ್ಟು ನೋಡಿ. ನಾನು ಚಿಗವ್ವನ ಕೈಗೆ ಕೊಟ್ಟೆ, ಹೇಗೆ ಹಿಡಿಯಬೇಕು ಅಂತ ಹೇಳಲಿಲ್ಲ. ಅವಳು ಒಂದು ಕೈ ಸೊಂಟದ ಹತ್ತಿರ ಇಟ್ಟಳು, ಇನ್ನೊಂದು ಕೈ ಎದೆಯ ಮಟ್ಟಕ್ಕೆ. ಕೊಂಬೆ ಎತ್ತರ ಬದಲಾದಂತೆ ಎರಡೂ ಕೈ ಕೋಲಿನ ಮೇಲೆ ಜಾರುತ್ತಿವೆ. ನಾವು ಲಿವರ್ ಇಟ್ಟಿದ್ದು ಕೋಲಿನ ಕೆಳತುದಿಯಲ್ಲಿ, ಗಟ್ಟಿಯಾಗಿ ಅಂಟಿಸಿ. ಅವಳ ಕೈ ಆ ಜಾಗಕ್ಕೆ ಹೋಗುತ್ತಲೇ ಇಲ್ಲ. ನಲವತ್ತು ಸ್ಕೆಚ್ ಬರೆದರೂ ಒಬ್ಬರಿಗೂ ಹೊಳೆಯದ ವಿಷಯ ಅದು. ರಟ್ಟಿನ ತುಂಡು ಒಂದೇ ನಿಮಿಷದಲ್ಲಿ ತೋರಿಸಿತು.

ಇನ್ನೊಂದು ಮಾತು ಅವಳೇ ಹೇಳಿದಳು. “ಈ ಬಟ್ಟಲ ತುಂಬಿದ್ರ ಪ್ರತಿ ಸಲ ಕೆಳಗ ಇಳಿಸಬೇಕೇನು? ತುದಿಗೆ ವಜ್ಜ ಆಗ್ತೈತಿ.” ಲೆಕ್ಕ ಹಾಕಿದೆವು. ಒಂದು ಹಣ್ಣು ಸುಮಾರು 45 ಗ್ರಾಂ. ಹತ್ತು ಹಣ್ಣು ಬಿದ್ದರೆ 450 ಗ್ರಾಂ. ಅದೇ ನೀರಿನ ಬಾಟಲಿ ಮತ್ತೆ ತುದಿಗೆ ಬಂತು. ಆಮೇಲೆ ಚಿಗವ್ವ ಒಳಗೆ ಹೋಗಿ ಹಳೇ ಸೀರೆಯ ತುಂಡು ತಂದಳು. ಅದನ್ನು ಕೊಳವೆಯ ಹಾಗೆ ಹೊಲಿದು ಬಟ್ಟಲಿನ ತಳಕ್ಕೆ ಕಟ್ಟಿದೆವು. ಈಗ ಹಣ್ಣು ಬಟ್ಟೆಯೊಳಗೆ ಜಾರಿ ಸೊಂಟದ ಚೀಲಕ್ಕೆ ಬರುತ್ತದೆ. ತುದಿಯಲ್ಲಿ ತೂಕ ನಿಲ್ಲುವುದಿಲ್ಲ. ಈ ಪ್ರಾಜೆಕ್ಟಿನ ಅತಿ ಒಳ್ಳೆಯ ಐಡಿಯಾ ಅದು. ಅದು ಚಿಗವ್ವನದು. ವರದಿಯಲ್ಲೂ ಹಾಗೇ ಬರೆದಿದ್ದೇವೆ.

ಇಲ್ಲಿ ತಂಬಿಗೆಯ ವಿಷಯ ಹೇಳಬೇಕು. 1958ರಲ್ಲಿ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಡಿಸೈನ್ ಬಗ್ಗೆ ಒಂದು ವರದಿ ಕೊಟ್ಟರು. ಅದರ ಆಧಾರದ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಅನ್ನುವ ಡಿಸೈನ್ ಕಲಿಸುವ ಸಂಸ್ಥೆ ಶುರುವಾಯಿತು. ಇಲ್ಲಿ ನೋಡಿದ ವಸ್ತುಗಳಲ್ಲೆಲ್ಲ ಅವರು ತುಂಬ ಮೆಚ್ಚಿದ್ದು ನಮ್ಮ ತಂಬಿಗೆಯನ್ನು. ಯಾರ ಕೈ ಅದನ್ನು ಹಿಡಿಯುತ್ತದೆ, ತಲೆ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ಖಾಲಿ ಇದ್ದಾಗ ತೂಕ ಎಲ್ಲಿ ನಿಲ್ಲುತ್ತದೆ, ತುಂಬಿದಾಗ ಎಲ್ಲಿ ಅಂತ ಒಂದೊಂದಾಗಿ ಯೋಚಿಸಿದರು. ಖಾಲಿ ಇದ್ದಾಗ, ತುಂಬಿದಾಗ. ಚಿಗವ್ವ ಕೇಳಿದ್ದೂ ಇದೇ ಪ್ರಶ್ನೆ.

ಮುಂದಿನ ಸಲ ಹೋದಾಗ ಕಾಗದ, ಪೆನ್ನು ಒಯ್ದೆವು. ತೋಟದಲ್ಲಿ ಕೆಲಸ ಮಾಡುವ ಹದಿನಾಲ್ಕು ಹೆಣ್ಣುಮಕ್ಕಳ ಅಂಗೈ ಕಾಗದದ ಮೇಲೆ ಇರಿಸಿ ಸುತ್ತ ಗೆರೆ ಎಳೆದೆವು. ಈ ಹಾಳೆಗಳೇ ಅವು. ನಾವು ಲಿವರಿನ ಅಳತೆ ತೆಗೆದುಕೊಂಡಿದ್ದು ನಮ್ಮ ಟೀಮಿನ ಅತಿ ಎತ್ತರದ ಹುಡುಗನ ಕೈಯಿಂದ. ಈ ಹದಿನಾಲ್ಕು ಕೈಗಳಲ್ಲಿ ಒಂದೂ ಅಷ್ಟು ದೊಡ್ಡದಿರಲಿಲ್ಲ. ಲಿವರನ್ನು ಕೋಲಿಗೆ ಹತ್ತಿರ ತಂದೆವು.

ಫೋಮಿನ ಹಿಡಿಕೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫೋಮು ಕೊರೆದು, ಉಪ್ಪುಕಾಗದದಿಂದ ತಿಕ್ಕಿ, ಬೇರೆ ಬೇರೆ ಆಕಾರದ ಮೂರು ಮಾಡಿದೆವು. ಎರಡನೆಯದು ಎಲ್ಲರಿಗೂ ಹಿಡಿಸಿತು. ಅದನ್ನೇ ಕಂಪ್ಯೂಟರಿನಲ್ಲಿ ಬರೆದೆವು.

ಈಗ ತ್ರೀಡಿ ಪ್ರಿಂಟ್. ನಾವು ಬಳಸಿದ್ದು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್. ಪ್ರಿಂಟರು ಪ್ಲಾಸ್ಟಿಕ್ ಕರಗಿಸಿ ಪದರದ ಮೇಲೆ ಪದರ ಹಾಕುತ್ತದೆ, ಒಂದೊಂದು ಪದರ 0.2 ಮಿ.ಮೀ. ನೋಡಲು ಎಷ್ಟು ಚಂದ ಅಂದರೆ, ಮೊದಲ ಪ್ರಿಂಟು ಕೈಗೆ ಬಂದ ರಾತ್ರಿ ನಾವು ಅದನ್ನು ಸುಮ್ನೆ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದೆವು. ಅದು ಲಿವರನ್ನು ಕೋಲಿನ ಮೇಲೆ ಬೇಕಾದಲ್ಲಿಗೆ ಜಾರಿಸಿ ನಿಲ್ಲಿಸುವ ಕ್ಲಾಂಪು. ಮರುದಿನ ಲಿವರ್ ಹತ್ತು ಸಲ ಒತ್ತಿದ್ದಕ್ಕೆ ಟಪ್ ಅಂತ ಮುರಿಯಿತು. ಮುರಿದ ಜಾಗ ನೋಡಿ. ಪದರ ಪದರಕ್ಕೆ ಅಂಟಿಕೊಂಡಿದ್ದ ಗೆರೆಯಲ್ಲೇ ಸೀಳಿದೆ. ಕಟ್ಟಿಗೆ ಎಳೆಗುಂಟ ಸೀಳುತ್ತದಲ್ಲ, ಹಾಗೇ. ಅದೇ ತುಂಡನ್ನು ಅಡ್ಡ ಮಲಗಿಸಿ ಪ್ರಿಂಟ್ ಮಾಡಿದಾಗ ಹೆಚ್ಚು ಹೊತ್ತು ತಾಳಿತು.

ಆಮೇಲೆ ಏಪ್ರಿಲ್ ಬಂತು. ತೋಟದಲ್ಲಿ ಪರೀಕ್ಷೆ ಮಾಡಲು ಹೊಸ ಪ್ರಿಂಟು ತಂದಿದ್ದೆವು. ಮಧ್ಯಾಹ್ನ ಊಟಕ್ಕೆ ಹೋದಾಗ ಅದನ್ನು ಕಾರಿನ ಮುಂದಿನ ಗಾಜಿನ ಕೆಳಗೆ ಇಟ್ಟು ಬಾಗಿಲು ಹಾಕಿದೆ. ಇಟ್ಟಿದ್ದು ನಾನೇ. ವಿಜಯಪುರ ಕಡೆಯ ಬಿಸಿಲು ನನಗೆ ಗೊತ್ತಿಲ್ಲದ್ದಲ್ಲ. ವಾಪಸ್ ಬಂದಾಗ ಬಟ್ಟಲಿನ ಅಂಚು ಹೀಗೆ ಕೆಳಗೆ ಬಾಗಿತ್ತು. ಪಿಎಲ್‌ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಡ್ಯಾಶ್‌ಬೋರ್ಡು ಅದಕ್ಕಿಂತ ಜಾಸ್ತಿ ಕಾಯುತ್ತದೆ. ಬೆಳಗಾವಿಗೆ ವಾಪಸ್ ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ಆದರೆ ಅದು ತೋಟಕ್ಕೆ ಹೋಗುವ ವಸ್ತು. ಗಿಡದ ಬುಡದಲ್ಲಿ, ಟ್ರಾಕ್ಟರಿನ ಮೇಲೆ, ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಬಟ್ಟಲನ್ನು ಪಿಇಟಿಜಿ ಪ್ಲಾಸ್ಟಿಕ್ಕಿಗೆ ಬದಲಿಸಿದೆವು. ಅದು 80 ಡಿಗ್ರಿ ಹತ್ತಿರದವರೆಗೂ ತಾಳುತ್ತದೆ. ಜಾರುವ ಕ್ಲಾಂಪನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸುವುದು ಅಂತ ಆಯಿತು. ಕ್ಲಾಂಪು ಕೈ ಹತ್ತಿರವೇ ಇರುವುದರಿಂದ ಅಲ್ಲಿ ಸ್ವಲ್ಪ ತೂಕ ಇದ್ದರೂ ನಡೆಯುತ್ತದೆ.

ಎರಕ ಅಂದರೆ ಬೆಳಗಾವಿಯಲ್ಲಿ ಕೈಗಾರಿಕಾ ಪ್ರದೇಶ ಉದ್ಯಮಬಾಗ್. ಫೌಂಡ್ರಿಗಳಿಗೆ ಹೆಸರಾದ ಊರಿನಲ್ಲಿ ಓದುತ್ತಿದ್ದೇವೆ ಅನ್ನುವುದು ಎಷ್ಟು ದೊಡ್ಡ ಅನುಕೂಲ ಅಂತ ಆವತ್ತೇ ಅರ್ಥವಾಗಿದ್ದು. ಅಲ್ಲಿ ಒಬ್ಬ ಹಿರಿಯ ಪ್ಯಾಟರ್ನ್ ಮೇಕರ್, ಅಂದರೆ ಎರಕದ ಅಚ್ಚಿಗೆ ಬೇಕಾದ ಮಾದರಿ ಮಾಡುವವರು, ಸಿಕ್ಕರು. ನಮ್ಮ ಮಾಡೆಲ್ ಕೈಗೆ ತೆಗೆದುಕೊಂಡರು. ಡ್ರಾಯಿಂಗ್ ನೋಡಲಿಲ್ಲ. ಮಾಡೆಲ್ಲಿನ ಬದಿಯ ಗೋಡೆಯ ಮೇಲೆ ಹೆಬ್ಬೆರಳು ಮೇಲಿಂದ ಕೆಳಗೆ ಒಮ್ಮೆ ಎಳೆದರು. “ಇದು ಉಸುಕಿನಿಂದ ಹೊರಗ ಹೆಂಗ ಬರ್ತೈತಿ?” ಅಂತ ಕೇಳಿದರು.

ನಮ್ಮ ಗೋಡೆಗಳು ನೆಟ್ಟಗಿದ್ದವು. ಎರಕಕ್ಕೆ ಮೊದಲು ಪ್ಯಾಟರ್ನನ್ನು ಹಸಿ ಉಸುಕಿನಲ್ಲಿ ಒತ್ತಿ ಅಚ್ಚು ಮಾಡುತ್ತಾರೆ, ಆಮೇಲೆ ಪ್ಯಾಟರ್ನ್ ಎತ್ತಿ ತೆಗೆಯುತ್ತಾರೆ. ಗೋಡೆ ನೆಟ್ಟಗಿದ್ದರೆ ಎತ್ತುವಾಗ ಉಸುಕನ್ನೂ ಕೆರೆದುಕೊಂಡು ಬರುತ್ತದೆ, ಅಚ್ಚು ಕೆಡುತ್ತದೆ. ಅದಕ್ಕೆ ಗೋಡೆಗೆ ಒಂದೆರಡು ಡಿಗ್ರಿ ಓರೆ ಕೊಡಬೇಕು. ಡ್ರಾಫ್ಟ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ವಿಷಯ ಇದು. ನಮ್ಮ ಕೈಯಲ್ಲಿದ್ದ ಮಾಡೆಲ್ಲಿಗೆ ಮಾತ್ರ ಇರಲಿಲ್ಲ. ಇನ್ನೊಂದನ್ನೂ ಅವರೇ ನೆನಪಿಸಿದರು. ಅಲ್ಯೂಮಿನಿಯಂ ಆರುವಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು 13 ಮಿ.ಮೀ. ನಮ್ಮ ಕ್ಲಾಂಪು 80 ಮಿ.ಮೀ. ಉದ್ದ. ಅಂದರೆ ಪ್ಯಾಟರ್ನ್ ಒಂದು ಮಿಲಿಮೀಟರ್ ದೊಡ್ಡದಿರಬೇಕು.

ಎರಡು ವಾರ ಬಿಟ್ಟು ಓರೆ ಕೊಟ್ಟ ಪ್ಯಾಟರ್ನ್ ಒಯ್ದೆವು. ಅವರು ಮತ್ತೆ ಅದೇ ಹೆಬ್ಬೆರಳು ಎಳೆದರು, ತಲೆ ಆಡಿಸಿದರು. ಈ ಶಾಟ್ ನನಗೆ ತುಂಬ ಇಷ್ಟ. ಉಸುಕು ತುಂಬಿ ಕುಟ್ಟಿದ್ದಾರೆ. ಪ್ಯಾಟರ್ನಿಗೆ ಮೆಲ್ಲಗೆ ಎರಡು ಏಟು. ಎತ್ತಿದರು. ಒಂದು ಕಣ ಉಸುಕೂ ಕದಲಲಿಲ್ಲ. ಒಳಗೆ ನಮ್ಮ ಕ್ಲಾಂಪಿನ ಆಕಾರ, ಅಂಚು ಅಂಚೂ ಹಾಗೇ. ಆಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಲೋಹ ಹೊಯ್ದರು. ಆ ಹೊತ್ತಿನಲ್ಲಿ ನಮ್ಮ ನಾಲ್ವರಲ್ಲಿ ಒಬ್ಬರೂ ಮಾತಾಡಿಲ್ಲ, ಕೇಳಿ, ಆಡಿಯೊದಲ್ಲಿ ಬರೀ ಬ್ಲೋವರ್ ಸದ್ದು.

ಪ್ರದರ್ಶನದ ದಿನ ನಮ್ಮ ಪಕ್ಕದ ಮೇಜುಗಳೂ ಚೆನ್ನಾಗಿದ್ದವು. ಗುಳೇದಗುಡ್ಡದ ಗೆಳತಿಯೊಬ್ಬಳು ಖಣ ನೇಯುವ ಗುಂಡಿ ಮಗ್ಗಕ್ಕೆ ಕೂರುವ ಹಲಗೆ ಮಾಡಿದ್ದಳು. ಕಾಲು ಗುಂಡಿಯೊಳಗೆ ಇಳಿಬಿಟ್ಟು ದಿನವಿಡೀ ಮುಂದೆ ಬಾಗುವ ನೇಕಾರರ ಸೊಂಟಕ್ಕೆ ಆಸರೆ ಕೊಡುವ ಹಾಗೆ. ಅವಳ ಹತ್ತಿರವೂ ಥರ್ಮಾಕೋಲಿನ ಆರು ಹಲಗೆ ಇದ್ದವು, ಆದರೆ ಮೇಜಿನ ಕೆಳಗೆ ಇಟ್ಟಿದ್ದಳು. ನಾನು ಒತ್ತಾಯ ಮಾಡಿ ಮೇಲೆ ಇಡಿಸಿದೆ. ಬಂದವರು ನಿಂತು ನೋಡಿದ್ದು ಅವನ್ನೇ, ಕೇಳಿದ ಪ್ರಶ್ನೆಗಳೂ ಅವುಗಳ ಬಗ್ಗೆಯೇ. ಇನ್ನೊಂದು ಟೀಮು ಒಣದ್ರಾಕ್ಷಿ ಶೆಡ್ಡಿಗೆ ಮಡಚುವ ಟ್ರೇ ಮಾಡಿತ್ತು. ಒಳ್ಳೆಯ ಕೆಲಸ. ಅದಕ್ಕೆ ಬೇರೆಯೇ ಒಂದು ವಿಡಿಯೊ ಮಾಡುತ್ತೇನೆ.

ನಾವು ಎರಡು ದೋಟಿ ಮಾಡಿದ್ದೆವು. ಒಂದಕ್ಕೆ ಪುಟ್ಟಿ, ಪ್ರೈಮರ್, ಹಳದಿ ಬಣ್ಣ. ಅದು ಕಾಲೇಜಿನಲ್ಲಿ ಉಳಿಯಿತು. ಬಣ್ಣವಿಲ್ಲದ್ದು ಚಿಗವ್ವನ ಹತ್ತಿರ ಇದೆ.

ಇದು ಹೋದ ಭಾನುವಾರದ ಕ್ಲಿಪ್. ಅವಳ ಕೈ ಕ್ಲಾಂಪನ್ನು ಜಾರಿಸಿ ತನಗೆ ಬೇಕಾದಲ್ಲಿ ನಿಲ್ಲಿಸಿತು. ಟಕ್. ತೊಟ್ಟಿನ ಸಮೇತ ಹಣ್ಣು ಬಟ್ಟೆಯೊಳಗೆ ಜಾರಿ ಚೀಲಕ್ಕೆ ಬಂತು. ಮತ್ತೆ ಟಕ್. ಅವಳು ಕೆಳಗೆ ನೋಡುತ್ತಲೂ ಇಲ್ಲ. ಆಮೇಲೆ ನನ್ನನ್ನು ಕರೆದು ಬ್ಲೇಡು ತೋರಿಸಿದಳು. ರಸ ತಾಗಿ ತಾಗಿ ಅಂಚಿಗೆ ಜಂಗು ಹಿಡಿದಿದೆ. “ಇದನ್ನೂ ಒಂದ್ ಸರಿ ಮಾಡವ್ವಾ” ಅಂದಳು. ಬ್ಲೇಡು ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಬೆಳಗಾವಿಗೆ ತಂದಿದ್ದೇನೆ. ಮೇಜಿನ ಮೇಲೆ ಹನ್ನೊಂದನೆಯ ಮಾಡೆಲ್ಲಿನ ಪಕ್ಕ ಇಟ್ಟಿರುವುದು ಅದೇ. ನಾಳೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಹುಡುಕಿಕೊಂಡು ಮತ್ತೆ ಉದ್ಯಮಬಾಗಿಗೆ ಹೋಗುತ್ತೇವೆ.