ಮೊದಲು ಹತ್ತಿರದ ಆಸ್ಪತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಡುರಾತ್ರಿ ಎರಡು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಯಾವ ಆಸ್ಪತ್ರೆಗೆ ಹೋಗುತ್ತೀರಿ? ಉತ್ತರ ಥಟ್ಟನೆ ಬಂತಾ, ಇಲ್ಲ ಯೋಚನೆ ಮಾಡಬೇಕಾಯಿತಾ?

ನಾನು ಬೆಂಗಳೂರಿನ ಒಂದು ಬಡಾವಣೆ ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿ ಕೆಲಸ ಮಾಡುವ ಡಾಕ್ಟರ್. ಈ ಪ್ರಶ್ನೆ ಕೇಳಿದರೆ ಹೆಚ್ಚಿನವರ ಬಾಯಿಗೆ ಬರುವುದು ದೊಡ್ಡ ಹೆಸರುಗಳೇ. ಎದೆ ನೋವು ಅಂದರೆ ಜಯದೇವ. ತಲೆಗೆ ಪೆಟ್ಟು ಅಂದರೆ ನಿಮ್ಹಾನ್ಸ್. ಸುಟ್ಟ ಗಾಯಕ್ಕೆ ವಿಕ್ಟೋರಿಯಾ, ಕಣ್ಣಿಗೆ ಮಿಂಟೋ. ಈ ಹೆಸರುಗಳ ಮೇಲೆ ಊರಿಗಿರುವ ನಂಬಿಕೆ ಸುಮ್ನೆ ಬಂದದ್ದಲ್ಲ. ವಿಕ್ಟೋರಿಯಾ ಆಸ್ಪತ್ರೆ 1900ರಿಂದ ಈ ಊರಿನ ಬಡವರ ಕೈ ಹಿಡಿದಿದೆ. ಆದರೆ ಯಲಹಂಕದಲ್ಲಿರುವವರು ಎದೆ ನೋವಿನ ರೋಗಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೆ ಹೊರಟರೆ ಇಡೀ ಊರನ್ನು ದಾಟಬೇಕು. ಹಗಲಾದರೆ ಹೆಬ್ಬಾಳದಲ್ಲೇ ಎಷ್ಟು ಹೊತ್ತು ನಿಲ್ಲಬೇಕೋ ಯಾರಿಗೆ ಗೊತ್ತು. ಆ ದಾರಿಯುದ್ದಕ್ಕೂ ರೋಗಿಗೆ ಸಿಗುವ ಚಿಕಿತ್ಸೆ ಏನು? ಏನೂ ಇಲ್ಲ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಮೊದಲು ಹತ್ತಿರದ ಕ್ಯಾಶುಯಾಲ್ಟಿಗೆ ಬನ್ನಿ. ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಇದೆ, ಜಯನಗರದವರಿಗೆ ಜನರಲ್ ಆಸ್ಪತ್ರೆ ಇದೆ, ಇಂದಿರಾನಗರದವರಿಗೆ ಸಿ.ವಿ. ರಾಮನ್ ಆಸ್ಪತ್ರೆ, ಶಿವಾಜಿನಗರದವರಿಗೆ ಬೌರಿಂಗ್. ನಿಮ್ಮ ಬಡಾವಣೆಯಲ್ಲಿ ಟ್ರಸ್ಟಿನದೋ ಖಾಸಗಿಯದೋ ಇರಬಹುದು. ರಾತ್ರಿ ಡಾಕ್ಟರ್ ಇರುತ್ತಾರಾ, ಇಸಿಜಿ ತೆಗೆಯುತ್ತಾರಾ ಅಂತ ಇವತ್ತೇ ಒಂದು ಸಲ ಹೋಗಿ ವಿಚಾರಿಸಿಕೊಂಡು ಬನ್ನಿ.

ಹೃದಯದ ರಕ್ತನಾಳ ಮುಚ್ಚಿಕೊಂಡಾಗ ಎರಡು ಅಪಾಯ ಇರುತ್ತವೆ. ರಕ್ತ ಸಿಗದ ಮಾಂಸಖಂಡ ಹೊತ್ತು ಕಳೆದಂತೆ ಸಾಯುತ್ತಾ ಹೋಗುತ್ತದೆ. ಇದು ತುಂಬ ಜನರಿಗೆ ಗೊತ್ತು. ಇನ್ನೊಂದು ಅಷ್ಟಾಗಿ ಗೊತ್ತಿಲ್ಲ. ಹೃದಯದ ಲಯ ಒಮ್ಮೆಲೇ ಕೆಟ್ಟು, ಅದು ಬಡಿಯುವುದನ್ನು ಬಿಟ್ಟು ಅದುರತೊಡಗಬಹುದು. ಆಗ ಮಾತಾಡುತ್ತಿದ್ದವರು ಮಾತಿನ ನಡುವೆಯೇ ಕುಸಿಯುತ್ತಾರೆ. ಲಯವನ್ನು ಮತ್ತೆ ಸರಿದಾರಿಗೆ ತರುವುದು ಎದೆಗೆ ಕೊಡುವ ಕರೆಂಟ್ ಶಾಕ್. ಕೈಯಿಂದ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವವರೂ (ಸಿಪಿಆರ್) ಇಲ್ಲದೆ ಶಾಕ್ ತಡವಾದರೆ, ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಆ ಶಾಕ್ ಕೊಡುವ ಯಂತ್ರ ಕ್ಯಾಶುಯಾಲ್ಟಿಯಲ್ಲಿ ಮಂಚದ ಪಕ್ಕದಲ್ಲೇ ಇರುತ್ತದೆ. ನಿಮ್ಮ ಕಾರಿನಲ್ಲಿ ಇರುವುದಿಲ್ಲ.

ಎದೆ ನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹಾರ್ಟ್ ಅಟ್ಯಾಕ್ ಅಂತ ಕಂಡರೆ ಆಸ್ಪಿರಿನ್ ಮಾತ್ರೆ ಅಗಿಯಲು ಕೊಡುತ್ತೇವೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಡಬೇಕೋ, ಬಲೂನ್ ಹಾಕಿ ನಾಳ ಬಿಡಿಸುವ ಆಸ್ಪತ್ರೆಗೆ ಕೂಡಲೇ ಕಳಿಸಬೇಕೋ ಅಂತ ಹೃದಯದ ಡಾಕ್ಟರ ಜೊತೆ ಫೋನಿನಲ್ಲೇ ಮಾತಾಡಿ ತೀರ್ಮಾನಿಸುತ್ತೇವೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೂ ಇದೇ ಲೆಕ್ಕದ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ರೋಗಿ ಊರು ಬಿಡುವ ಮೊದಲೇ ಚಿಕಿತ್ಸೆ ಶುರುವಾಗಿರುತ್ತದೆ.

ನಮಗೆ ತುಂಬ ಸಂಕಟ ಕೊಡುವುದು ಗ್ಯಾಸ್ಟ್ರಿಕ್ ಅನ್ನುವ ನಂಬಿಕೆ. ರಾತ್ರಿ ಊಟ ಜಾಸ್ತಿ ಆಯ್ತು, ಅದಕ್ಕೇ ಎದೆ ಉರಿ ಅಂತ ಸೋಡಾ ಕುಡಿಸುತ್ತಾರೆ. ಜೀರಿಗೆ ಕಷಾಯ ಮಾಡಿ ಕೊಡುತ್ತಾರೆ. ಬೆನ್ನು ನೀವುತ್ತಾರೆ. ಬೆಳಗಾಗಲಿ ನೋಡೋಣ ಅನ್ನುತ್ತಾರೆ. ಮನೆಯವರಿಗೆ ತೊಂದರೆ ಕೊಡಬಾರದು ಅಂತ ಹಿರಿಯರೂ ಬಾಯಿ ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎಷ್ಟೋ ಸಲ ಎದೆ ನೋವೇ ಇರುವುದಿಲ್ಲ. ಮೈಯೆಲ್ಲ ಬೆವರು, ಉಬ್ಬಸ, ದವಡೆಯಲ್ಲಿ ನೋವು, ವಿಪರೀತ ಸುಸ್ತು, ಇಷ್ಟೇ. ದಯವಿಟ್ಟು ಬನ್ನಿ. ಬರೀ ಗ್ಯಾಸ್ ಆಗಿದ್ದರೆ ನಮಗಿಂತ ಖುಷಿ ಪಡುವವರು ಯಾರೂ ಇಲ್ಲ. ಇನ್ನೊಂದು ಮಾತು, ಮೊದಲ ಇಸಿಜಿ ನಾರ್ಮಲ್ ಬಂತು ಅಂದ ಕೂಡಲೇ ಮನೆಗೆ ಕಳಿಸಿ ಅಂತ ಹಟ ಹಿಡಿಯಬೇಡಿ. ಹಾರ್ಟ್ ಅಟ್ಯಾಕಿನ ಶುರುವಿನಲ್ಲಿ ಇಸಿಜಿ ಸರಿಯಾಗಿಯೇ ಕಾಣಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ, ರಕ್ತ ಪರೀಕ್ಷೆಯನ್ನೂ ಎರಡನೇ ಸಲ ಮಾಡಬೇಕಾಗುತ್ತದೆ.

ಲಕ್ವದ ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ. ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ತಲೆಯ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು. ರಕ್ತನಾಳ ಒಡೆದಿದೆಯೋ ಮುಚ್ಚಿದೆಯೋ ಅಂತ ಸ್ಕ್ಯಾನ್ ಇಲ್ಲದೆ ಹೇಳಲಾಗದು. ಮುಚ್ಚಿದ್ದರೆ, ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದರಲ್ಲೂ ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ಹಾಗಾಗಿ ನಾವು ಕೇಳುವ ಮೊದಲ ಪ್ರಶ್ನೆ, ಇವರು ಕೊನೆಯ ಸಲ ಚೆನ್ನಾಗಿದ್ದದ್ದನ್ನು ನೋಡಿದ್ದು ಎಷ್ಟು ಹೊತ್ತಿಗೆ? ಬೆಳಗ್ಗೆ ಎದ್ದಾಗ ಹೀಗಿತ್ತು ಅಂದರೆ ಸಾಲದು. ರಾತ್ರಿ ಬಾತ್‌ರೂಮಿಗೆ ಎದ್ದಾಗ ಸರಿಯಿದ್ದರಾ, ಯಾರಾದರೂ ಮಾತಾಡಿಸಿದ್ದರಾ, ನೆನಪು ಮಾಡಿಕೊಂಡು ಹೇಳಿ. ಸ್ಕ್ಯಾನ್ ಇರುವ ಆಸ್ಪತ್ರೆ ದೂರವಿದ್ದು, ರೋಗಿಗೆ ಎಚ್ಚರ ತಪ್ಪುತ್ತಿದ್ದರೆ ಮಾತ್ರ ಹತ್ತಿರದವರ ಬಳಿಗೇ ಮೊದಲು ಹೋಗಿ. ಉಸಿರಾಟವನ್ನು ಭದ್ರ ಮಾಡಿ ಕಳಿಸುತ್ತಾರೆ. ಲಕ್ವ ಅಂತ ಕರೆತಂದವರಿಗೆ ಬೆರಳು ಚುಚ್ಚಿ ಸಕ್ಕರೆ ನೋಡುವುದು ನಮ್ಮ ಅಭ್ಯಾಸ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟವರಲ್ಲಿ ಸಕ್ಕರೆ ತೀರ ಇಳಿದು, ಥೇಟ್ ಲಕ್ವದ ಹಾಗೇ ಕಾಣುವುದುಂಟು. ನರಕ್ಕೆ ಗ್ಲೂಕೋಸ್ ಹೋದ ಸ್ವಲ್ಪ ಹೊತ್ತಿನಲ್ಲೇ ಅವರು ಎದ್ದು ಕೂತು ಕಾಫಿ ಕೇಳಿದ್ದನ್ನು ನಾನು ಕಂಡಿದ್ದೇನೆ.

ಈಗ ಕಾಯಿಸುವ ವಿಷಯ. ನಾವು ಮೊದಲು ಬಂದೆವು, ಆಮೇಲೆ ಬಂದವರನ್ನು ಒಳಗೆ ಕರೆದರು, ಇದ್ಯಾವ ನ್ಯಾಯ ಅಂತ ಜನ ಜಗಳಕ್ಕೆ ನಿಲ್ಲುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗುವಿಗೆ ಜ್ವರ ಸುಡುತ್ತಿರುವಾಗ ಹತ್ತು ನಿಮಿಷವೂ ಒಂದು ಯುಗ, ಅಲ್ವಾ. ಆದರೆ ಓಪಿಡಿಯಲ್ಲಿ ನಡೆಯುವ ಟೋಕನ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಾಗಿಲಲ್ಲೇ ಸಿಸ್ಟರ್ ನಿಮ್ಮ ನಾಡಿ, ಬಿಪಿ, ಉಸಿರು, ರಕ್ತದಲ್ಲಿರುವ ಆಮ್ಲಜನಕ, ಎಚ್ಚರ ಎಲ್ಲ ನೋಡಿ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ಕೆಂಪು ಅಂದರೆ ಈ ಕ್ಷಣವೇ ನೋಡಬೇಕು. ಹಳದಿ ಅಂದರೆ ಸ್ವಲ್ಪ ಹೊತ್ತು ತಡೆಯಬಹುದು, ಕಣ್ಣಿಟ್ಟಿರಬೇಕು. ಹಸಿರಿನವರು ಕಾಯಬಹುದು. ಸಿಸ್ಟರ್ ನಿಮ್ಮನ್ನು ಬೆಂಚಿನ ಮೇಲೆ ಕೂರಿಸಿದರೆ ಉದಾಸೀನ ಮಾಡಿದರು ಅಂತ ಅಂದುಕೊಳ್ಳಬೇಡಿ. ನಿಮ್ಮ ಜೀವಕ್ಕೆ ಈಗ ಅಪಾಯವಿಲ್ಲ ಅಂತ ಒಬ್ಬರು ನೋಡಿ ತೀರ್ಮಾನಿಸಿದ್ದಾರೆ. ಕೂತಲ್ಲೇ ಹೆಚ್ಚುಕಡಿಮೆ ಆದರೆ ಮಾತ್ರ ಸಂಕೋಚವಿಲ್ಲದೆ ಎದ್ದು ಹೋಗಿ ಹೇಳಿ. ಉಸಿರು ಕಟ್ಟುತ್ತಿದೆ, ಕಣ್ಣು ಕತ್ತಲೆ ಬರುತ್ತಿದೆ, ಮಗು ಮಂಕಾಗಿದೆ, ಏನೇ ಆಗಲಿ. ಆಗ ಬಣ್ಣ ಬದಲಾಗುತ್ತದೆ.

ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮುಟ್ಟಲು ಜನ ಹೆದರುತ್ತಾರೆ. ಪೊಲೀಸ್, ಕೋರ್ಟು, ಸಾಕ್ಷಿ ಅನ್ನುವ ಭಯ. ಹೆದರಬೇಡಿ. ಸ್ಕೂಟರ್ ಸವಾರರೊಬ್ಬರಿಗೆ ಕಾರು ಗುದ್ದಿತ್ತು. ಹತ್ತಿರದ ಆಸ್ಪತ್ರೆ, ಇದು ಪೊಲೀಸ್ ಕೇಸು ಅಂತ ಅವರನ್ನು ಸೇರಿಸಿಕೊಳ್ಳದೆ 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿತು. ದಾರಿಯಲ್ಲೇ ಅವರ ಪ್ರಾಣ ಹೋಯಿತು. ಆ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, 1989ರಲ್ಲಿ, ಪರಮಾನಂದ ಕಟಾರ ಪ್ರಕರಣದ ತೀರ್ಪು ಬಂತು. ಸರ್ಕಾರಿ ಇರಲಿ, ಖಾಸಗಿ ಇರಲಿ, ಡಾಕ್ಟರಾದವರು ಮೊದಲು ಜೀವ ಉಳಿಸಬೇಕು, ಕಾನೂನಿನ ಕೆಲಸ ಆಮೇಲೆ. ಕರೆತಂದವರ ರಕ್ಷಣೆಗೆ ಅಂತಲೇ ಕರ್ನಾಟಕ 2016ರಲ್ಲಿ ಕಾನೂನು ಮಾಡಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನೀವು ಗಾಯಾಳುವನ್ನು ಸೇರಿಸಿ ಹೊರಡಬಹುದು.

ದುಡ್ಡಿನ ಚಿಂತೆಗೂ ಒಂದಿಷ್ಟು ದಾರಿಗಳಿವೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ತುಂಡಾಗಿದ್ದ ಹರೀಶ್ ಎಂಬ ಯುವಕ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗಗಳನ್ನು ದಾನ ಮಾಡಿ ಅಂದರು. ಅವರ ಕಣ್ಣುಗಳು ಬೇರೆಯವರಿಗೆ ಬೆಳಕಾದವು. ಅವರ ಹೆಸರಿನಲ್ಲೇ ಬಂದದ್ದು ಸಾಂತ್ವನ ಹರೀಶ್ ಯೋಜನೆ. ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಭರಿಸಲಿ ಅಂತ ತಂದದ್ದು. ಕೇಂದ್ರ ಸರ್ಕಾರವೂ 2025ರಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ಹೊರಡಿಸಿತು. ಆಸ್ಪತ್ರೆಯ ಕೌಂಟರಿನಲ್ಲಿ ಈ ಹೆಸರುಗಳನ್ನು ಹೇಳಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ನಾಯಿ ಕಚ್ಚಿದರೆ ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಬನ್ನಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಮೆತ್ತಬೇಡಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಟೂತ್‌ಪೇಸ್ಟ್ ಬೇಡ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕಬೇಡಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಇಲಿ ಪಾಷಾಣದ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ರಂಜಕ ಇರುವ ಇಲಿ ಪೇಸ್ಟ್ ಹೊಟ್ಟೆಗೆ ಹೋದವರು ಒಂದೆರಡು ದಿನ ಚೆನ್ನಾಗಿಯೇ ಓಡಾಡಿಕೊಂಡಿರಬಹುದು, ಆಮೇಲೆ ಲಿವರ್ ಕೈ ಕೊಡುತ್ತದೆ. ಮಗು ಬಾಯಿಗಿಟ್ಟುಕೊಂಡಿರಲಿ, ದೊಡ್ಡವರು ನೊಂದು ತಿಂದಿರಲಿ, ಬೈಯಬೇಡಿ, ಕಾಯಬೇಡಿ. ಆ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಬನ್ನಿ.

ಬರುವಾಗ ರೋಗಿ ನುಂಗುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ತನ್ನಿ. ಬಿಳಿ ಮಾತ್ರೆ, ದುಂಡಗಿದೆ ಅಂದರೆ ನಮಗೆ ತಿಳಿಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನಮ್ಮ ತೀರ್ಮಾನವೇ ಬೇರೆಯಾಗುತ್ತದೆ. ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ನಾವು ಬರೆದುಕೊಡುವ ಚೀಟಿ, ಇಸಿಜಿ ಕಾಗದ, ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟೆವು ಅನ್ನುವ ವಿವರ ಕೇಳಿ ಪಡೆದುಕೊಳ್ಳಿ. ಅಲ್ಲಿ ಹಾಸಿಗೆ ಖಾಲಿ ಇದೆಯಾ ಅಂತ ನಮ್ಮಿಂದಲೇ ಫೋನ್ ಮಾಡಿಸಿ.

ಓಡಾಡಲಾಗದ ರೋಗಿಗೆ, ಉಸಿರಾಡಲು ಕಷ್ಟಪಡುವವರಿಗೆ, ಅಪಘಾತಕ್ಕೆ 108ಕ್ಕೆ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಿಂದ ಇದೆ, ಉಚಿತ. ಫೋನಿನಲ್ಲಿ ಬರೀ ಐದನೇ ಕ್ರಾಸ್ ಅನ್ನಬೇಡಿ, ಬೆಂಗಳೂರಿನಲ್ಲಿ ಐದನೇ ಕ್ರಾಸ್ ಎಷ್ಟಿವೆಯೋ! ಬಡಾವಣೆ, ಮೇನ್ ರೋಡು, ಹತ್ತಿರದ ದೇವಸ್ಥಾನವೋ ಶಾಲೆಯೋ ಸೇರಿಸಿ ಹೇಳಿ. ಅವರು ಮತ್ತೆ ಫೋನ್ ಮಾಡಬಹುದು, ಲೈನ್ ಖಾಲಿ ಇಡಿ. ಒಬ್ಬರು ಮೇನ್ ರೋಡಿಗೆ ಹೋಗಿ ನಿಲ್ಲಿ. ಅಪಾರ್ಟ್‌ಮೆಂಟ್ ಆದರೆ ಗೇಟ್ ತೆರೆದಿಡಲು ಸೆಕ್ಯುರಿಟಿಯವರಿಗೆ ಹೇಳಿ, ಲಿಫ್ಟನ್ನು ಕೆಳಗೆ ಹಿಡಿದಿಟ್ಟುಕೊಳ್ಳಿ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸದಿದ್ದರೆ ಗಟ್ಟಿಯಾದ ಕುರ್ಚಿಯೊಂದನ್ನು ಸಿದ್ಧವಾಗಿಡಿ.

ನಮಸ್ಕಾರ.