ವಿಮಾನ ಯಾಕೆ ತಡ? ಬರೆದು ಕೊಡಿ

ಎಲ್ಲರಿಗೂ ನಮಸ್ಕಾರ.

ಸಭೆ ಶುರುವಾಗುವ ಮುಂಚೆ ಬಾಗಿಲ ಹತ್ತಿರ ಒಬ್ಬರು ನನ್ನ ಕೈಗೆ ಒಂದು ಪತ್ರ ಕೊಟ್ಟರು. ವಿಮಾನ ಕಂಪನಿಯಿಂದ ಅವರಿಗೆ ಬಂದ ಉತ್ತರ. ಮೂರೇ ಸಾಲು. 'ತಾಂತ್ರಿಕ ಕಾರಣದಿಂದ ನಿಮ್ಮ ವಿಮಾನ ರದ್ದಾಯಿತು. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಮುಂದಿನ ಪ್ರಯಾಣಕ್ಕೆ ಈ ವೋಚರ್ ಬಳಸಿಕೊಳ್ಳಿ.' ಅವರು ಕೇಳಿದ್ದು ಒಂದೇ ಮಾತು: 'ಇಷ್ಟಕ್ಕೆ ಮುಗೀತಾ ಸಾರ್?'

ನಾನು ಬೇರೇನೋ ಪೀಠಿಕೆ ಬರೆದುಕೊಂಡು ಬಂದಿದ್ದೆ. ಅದು ಪಕ್ಕಕ್ಕಿರಲಿ. ಮುಗಿದಿಲ್ಲ ಅಂತ ಹೇಳುವುದಕ್ಕೇ ನಾನು ಇವತ್ತು ಇಲ್ಲಿಗೆ ಬಂದಿರೋದು.

ಮೊದಲು ಒಂದು ಗಂಟು ಬಿಡಿಸೋಣ. ವಿಮಾನ ರದ್ದಾದರೆ ಅಥವಾ ವಿಪರೀತ ತಡವಾದರೆ ನಾವು ಕೇಳಬಹುದಾದದ್ದು ಮೂರು ಬೇರೆ ಬೇರೆ ಸಂಗತಿಗಳು. ಪ್ರಯಾಣವೇ ಬೇಡ ಅಂದರೆ ಟಿಕೆಟ್ ದುಡ್ಡು ವಾಪಸ್, ಬೇಕು ಅಂದರೆ ಬೇರೆ ವಿಮಾನ. ಇದು ಒಂದು. ಕಾಯುವಷ್ಟು ಹೊತ್ತು ಊಟ ತಿಂಡಿ, ರಾತ್ರಿಯಾದರೆ ಮಲಗಲು ಜಾಗ. ಇದು ಎರಡು. ನಮ್ಮ ಸಮಯ ಹಾಳಾಗಿದ್ದಕ್ಕೆ ಪರಿಹಾರ, ಇದು ಮೂರು. ಟಿಕೆಟ್ ದುಡ್ಡು ವಾಪಸ್ ಬಂದ ತಕ್ಷಣ ಪರಿಹಾರ ಸಿಕ್ಕಿತು ಅಂತ ತುಂಬಾ ಜನ ಸಮಾಧಾನ ಪಟ್ಟುಕೊಳ್ಳುತ್ತಾರೆ. ನಮ್ಮ ದುಡ್ಡು ನಮಗೇ ವಾಪಸ್ ಬಂದರೆ ಅದು ಪರಿಹಾರ ಹೇಗಾಗುತ್ತದೆ?

ಆ ಮೂರನೆಯದನ್ನು ಗಟ್ಟಿಯಾಗಿ ಕಾನೂನಿನಲ್ಲಿ ಬರೆದಿಟ್ಟಿದ್ದು ಯುರೋಪಿನವರು. 2004ರ 261ನೇ ನಿಯಮ. 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. 1,500 ಕಿ.ಮೀ.ವರೆಗಿನ ಪ್ರಯಾಣಕ್ಕೆ ತಲೆಗೆ 250 ಯೂರೋ. ಅದಕ್ಕಿಂತ ದೂರಕ್ಕೆ 400. 3,500 ಕಿ.ಮೀ. ದಾಟಿ ಯುರೋಪಿನ ಒಕ್ಕೂಟದ ಹೊರಗೆ ಹೋದರೆ 600. ಟಿಕೆಟ್ಟಿಗೆ ನೀವೆಷ್ಟು ಕೊಟ್ಟಿರಿ ಅನ್ನುವುದು ಲೆಕ್ಕಕ್ಕಿಲ್ಲ. ಯುರೋಪಿನ ಒಕ್ಕೂಟದಿಂದ ಹೊರಡುವ ವಿಮಾನ ಯಾವ ದೇಶದ ಕಂಪನಿಯದಾದರೂ ಈ ನಿಯಮದ ಕೆಳಗೆ ಬರುತ್ತದೆ. ಹೊರಗಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ಕಂಪನಿ ಅಲ್ಲಿಯದೇ ಆಗಿರಬೇಕು. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ಇದಕ್ಕೊಂದು ವಿನಾಯಿತಿ ಇದೆ. ಎಷ್ಟು ಎಚ್ಚರ ವಹಿಸಿದರೂ ತಪ್ಪಿಸಲಾಗದ 'ಅಸಾಧಾರಣ ಪರಿಸ್ಥಿತಿ' ಇದ್ದರೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಬಿರುಗಾಳಿ, ಮುಚ್ಚಿದ ಆಕಾಶ ಮಾರ್ಗ, ಇಂಥವು. ನ್ಯಾಯವಾದ ಮಾತೇ. ಆದರೆ ಆ ಒಂದು ಕಿಂಡಿಯಲ್ಲಿ ಎಲ್ಲವನ್ನೂ ನುಸುಳಿಸಲು ನೋಡಿದರು. ಅದರಲ್ಲಿ ಮೊದಲನೆಯದೇ ಈ ಪತ್ರದಲ್ಲಿರುವ ಎರಡು ಪದ. ತಾಂತ್ರಿಕ ಕಾರಣ.

ಇಲ್ಲೊಂದು ಕತೆ ಹೇಳಲೇಬೇಕು. ನನ್ನನ್ನು ಮುಂಚೆ ಕೇಳಿದವರಿಗೆ ಇದು ಗೊತ್ತು. ಇನ್ನೊಮ್ಮೆ ಕೇಳಿ, ಪರವಾಗಿಲ್ಲ.

2005ರ ಜೂನ್ 28, ವಿಯೆನ್ನಾ. ಗಂಡ, ಹೆಂಡತಿ, ಮಗಳು. ರೋಮ್‌ನಲ್ಲಿ ವಿಮಾನ ಬದಲಿಸಿ ದಕ್ಷಿಣ ಇಟಲಿಯ ಬ್ರಿಂಡಿಸಿಗೆ ಹೋಗಬೇಕು. ಬೆಳಗ್ಗೆ 6.45ಕ್ಕೆ ವಿಮಾನ. ಚೆಕ್-ಇನ್ ಆಯಿತು. ಹೊರಡಲು ಇನ್ನು 5 ನಿಮಿಷ ಇದೆ ಅನ್ನುವಾಗ ವಿಮಾನ ರದ್ದು ಅಂದರು. ಬೇರೆ ಕಂಪನಿಯ ವಿಮಾನದಲ್ಲಿ ರೋಮ್‌ಗೆ ಕಳಿಸಿದರು. ಅಲ್ಲಿ ಇಳಿಯುವ ಹೊತ್ತಿಗೆ ಬ್ರಿಂಡಿಸಿಯ ವಿಮಾನ ಹೊರಟು 20 ನಿಮಿಷ ಆಗಿತ್ತು. ಕೊನೆಗೆ ಊರು ಮುಟ್ಟಿದಾಗ ಮೂರೂವರೆ ಗಂಟೆಗೂ ಹೆಚ್ಚು ತಡ.

ಆ ತಾಯಿ 250 ಯೂರೋ ಕೇಳಿದರು. ಜೊತೆಗೆ ಫೋನ್ ಖರ್ಚು ಅಂತ 10 ಯೂರೋ. ಆ 10 ಯೂರೋ ನನಗೆ ಬಹಳ ಇಷ್ಟ. ತಾನು ಕೈಯಿಂದ ಹಾಕಿದ ಚಿಲ್ಲರೆಯನ್ನೂ ಬಿಡಲಿಲ್ಲ ನೋಡಿ. ಯಾಕೆ ಬಿಡಬೇಕು?

ಕಂಪನಿ ಕೊಡಲ್ಲ ಅಂದಿತು. ಎಂಜಿನ್ನಿನ ಟರ್ಬೈನ್‌ನಲ್ಲಿ ದೋಷ, ಅದು ಅಸಾಧಾರಣ ಪರಿಸ್ಥಿತಿ ಅನ್ನುವುದು ಅವರ ವಾದ. ಕೋರ್ಟಿನಲ್ಲಿ ವಿವರ ಹೊರಗೆ ಬಂತು. ಆ ದೋಷ ಕಂಡದ್ದು ಹಿಂದಿನ ದಿನದ ತಪಾಸಣೆಯಲ್ಲಿ. ಕಂಪನಿಗೆ ಸುದ್ದಿ ಮುಟ್ಟಿದ್ದು ನಡುರಾತ್ರಿ 1 ಗಂಟೆಗೆ. ಆ ಕುಟುಂಬಕ್ಕೆ ಹೇಳಿದ್ದು ಬೆಳಗ್ಗೆ 6.40ಕ್ಕೆ! ಮಗಳನ್ನು ನಿದ್ದೆಯಿಂದ ಎಬ್ಬಿಸಿ, ಪೆಟ್ಟಿಗೆ ಎಳೆದುಕೊಂಡು, ಸಾಲಿನಲ್ಲಿ ನಿಂತು, ಎಲ್ಲ ಆದ ಮೇಲೆ.

ಪ್ರಕರಣ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್ 22ರಂದು ತೀರ್ಪು. ವಿಮಾನ ಹಾರಿಸುವುದು ನಿಮ್ಮ ಕಸುಬು, ಯಂತ್ರ ಕೆಡುವುದು ಆ ಕಸುಬಿನ ಭಾಗ. ತಪಾಸಣೆಯಲ್ಲಿ ಕಂಡ ಸಾಮಾನ್ಯ ದೋಷವನ್ನು ಅಸಾಧಾರಣ ಅನ್ನಲಾಗದು. ತೀರ್ಪಿನ ತಾತ್ಪರ್ಯ ಇದು. ವಿಮಾನದೊಳಗೆ ಎಲ್ಲೋ ತಯಾರಿಕೆಯಲ್ಲೇ ಅಡಗಿದ್ದ ದೋಷ, ವಿಧ್ವಂಸಕ ಕೃತ್ಯ, ಇಂಥವಾದರೆ ಬೇರೆ ಮಾತು. ಹಾಗಾಗಿ ಈ ಪತ್ರದಲ್ಲಿರುವ 'ತಾಂತ್ರಿಕ ಕಾರಣ' ಅನ್ನೋದು ಮಾತಿನ ಕೊನೆಯಲ್ಲ. ಅಲ್ಲಿಂದಲೇ ಮಾತು ಶುರು.

ಈಗ ನನ್ನ ಮುಖ್ಯ ಮಾತು. ಇವತ್ತು ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾರಣ ಹೇಳಬೇಕಾದವರು ಅವರು. ಸಾಬೀತು ಮಾಡಬೇಕಾದವರೂ ಅವರೇ. ಇದು ನನ್ನ ಆಸೆ ಅಲ್ಲ, ಆ ನಿಯಮದ 5ನೇ ವಿಧಿಯಲ್ಲೇ ಇದೆ. ಅಸಾಧಾರಣ ಪರಿಸ್ಥಿತಿ ಇತ್ತು ಅಂತ ಕಂಪನಿಯೇ ತೋರಿಸಬೇಕು. ರದ್ದಾದ ವಿಷಯವನ್ನು ಯಾವಾಗ ತಿಳಿಸಿದೆವು ಅನ್ನುವುದಕ್ಕೂ ಕಂಪನಿಯೇ ಪುರಾವೆ ಕೊಡಬೇಕು. ಎಂಜಿನ್ ದಾಖಲೆ ಅವರ ಹತ್ತಿರ. ಸಿಬ್ಬಂದಿ ಪಟ್ಟಿ ಅವರ ಹತ್ತಿರ. ನಮ್ಮ ಹತ್ತಿರ ಏನಿದೆ? ಒಂದು ಬೋರ್ಡಿಂಗ್ ಪಾಸು. ಕತ್ತಲಲ್ಲಿ ನಿಂತವರನ್ನೇ 'ದೀಪ ಎಲ್ಲಿದೆ ತೋರಿಸು' ಅಂದರೆ ಹೇಗೆ?

ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೇ ದಾರಿಯಲ್ಲಿ ಯೋಚಿಸಿದೆ. ಅದು ವಿಮಾನದ ಪ್ರಕರಣ ಅಲ್ಲ, ರೈಲಿನದು. ಅಜ್ಮೇರ್-ಜಮ್ಮು ಎಕ್ಸ್‌ಪ್ರೆಸ್ ಸುಮಾರು 4 ಗಂಟೆ ತಡವಾಗಿ, ಒಬ್ಬರಿಗೆ ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ವಿಮಾನ ತಪ್ಪಿತ್ತು. 2021ರಲ್ಲಿ ಕೋರ್ಟ್ ಹೇಳಿತು: ತಡ ತಮ್ಮ ಕೈಮೀರಿದ್ದು ಅಂತ ರೈಲ್ವೆ ತೋರಿಸಬೇಕು, ತೋರಿಸದಿದ್ದರೆ ಪರಿಹಾರ ಕೊಡಬೇಕು. ಟ್ಯಾಕ್ಸಿಗೆ 15,000, ತಂಗುವ ಬುಕಿಂಗ್‌ಗೆ 10,000, ಪಟ್ಟ ಸಂಕಟಕ್ಕೆ 5,000 ರೂಪಾಯಿ. ಕಾರಣ ಹೇಳಬೇಕಾದವರು ಅವರು.

ನಮ್ಮಮ್ಮನ ವಿಷಯ ಹೇಳುತ್ತೇನೆ. ಯುರೋಪಿನಿಂದ ವಾಪಸ್ ಬರುವಾಗ ನಮ್ಮ ವಿಮಾನ 5 ಗಂಟೆ ತಡವಾಯಿತು. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಗೇಟಿನಲ್ಲಿ ಒಬ್ಬ ಹುಡುಗ ನಿಂತಿದ್ದ. ಪಾಪ, ಅವನ ತಪ್ಪೇನೂ ಇಲ್ಲ. ಅಮ್ಮ ಹೋಗಿ ಕನ್ನಡದಲ್ಲೇ ಕೇಳಿದರು, 'ಯಾಕಪ್ಪಾ ತಡ?' ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು 'ಕಾರ್ಯಾಚರಣೆಯ ಕಾರಣ' ಅಂದ. ನಾನು ಅಮ್ಮನಿಗೆ ಹೇಳಿದೆ. 'ಹಂಗಂದ್ರೆ ಏನು?' ಅಂದರು. ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. ಅಮ್ಮ ಅಲ್ಲಿಂದ ಕದಲಲಿಲ್ಲ. ದನಿ ಏರಿಸಲೂ ಇಲ್ಲ. ಸುಮ್ನೆ ನಿಂತೇ ಇದ್ದರು. ಮೂರನೇ ಸಲ ಅವನು ಮೆಲ್ಲಗೆ ಹೇಳಿದ, 'ಸಿಬ್ಬಂದಿ ಸಾಲದು ಅಮ್ಮಾ. ಬರಬೇಕಾದವರು ಇನ್ನೊಂದು ವಿಮಾನದಲ್ಲಿ ಇದ್ದಾರೆ.' ಅಮ್ಮ ತಮ್ಮ ಬೋರ್ಡಿಂಗ್ ಪಾಸು ತಿರುಗಿಸಿ ಅವನ ಮುಂದೆ ಇಟ್ಟರು. 'ಅದನ್ನೇ ಇಲ್ಲಿ ಬರೆದು ಕೊಡಪ್ಪಾ.'

ಬರೆದ. ಸಮಯ ಹಾಕಿದ. ಸಹಿಯನ್ನೂ ಹಾಕಿದ.

ಎರಡು ತಿಂಗಳ ನಂತರ ಕಂಪನಿಯಿಂದ ಉತ್ತರ ಬಂತು. 'ಹವಾಮಾನ ವೈಪರೀತ್ಯದಿಂದ ತಡವಾಯಿತು, ಪರಿಹಾರ ಅನ್ವಯಿಸುವುದಿಲ್ಲ.' ನಾನು ವಾದ ಮಾಡಲಿಲ್ಲ. ಬೋರ್ಡಿಂಗ್ ಪಾಸಿನ ಹಿಂಬದಿಯ ಫೋಟೊ ಕಳಿಸಿದೆ. ಮೂರು ವಾರದಲ್ಲಿ ಇಬ್ಬರಿಗೂ 600, 600 ಯೂರೋ ಬಂತು. ನಾನು ಕಾನೂನಿನ ಪುಸ್ತಕ ಓದಿ ಕಲಿತದ್ದಕ್ಕಿಂತ ಆ ಒಂದು ಸಾಲಿನಿಂದ ಕಲಿತದ್ದು ಜಾಸ್ತಿ. ಗೇಟಿನಲ್ಲೇ ಕೇಳಿ. ಅಲ್ಲೇ ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಫಲಕದ ಫೋಟೊ ತೆಗೆಯಿರಿ, ಬಂದ ಎಸ್‌ಎಂಎಸ್ ಅಳಿಸಬೇಡಿ, ಅವರು ಹೇಳಿದ ಮಾತು ಮತ್ತು ಹೊತ್ತು ಬರೆದಿಡಿ. ಆ ಹುಡುಗನ ಮೇಲೆ ಕೂಗಾಡಬೇಡಿ, ದಯವಿಟ್ಟು. ಅವನೂ ನಮ್ಮ ಹಾಗೇ ಕಾಯುತ್ತಿರುತ್ತಾನೆ.

ಕೇಳಿ ಅಂತ ನಾನೊಬ್ಬನೇ ಹೇಳುತ್ತಿಲ್ಲ. ಅದೇ ನಿಯಮದ 14ನೇ ವಿಧಿ ಪ್ರಕಾರ ಚೆಕ್-ಇನ್ ಜಾಗದಲ್ಲಿ ಒಂದು ಸೂಚನೆ ಹಾಕಿರಲೇಬೇಕು. ವಿಮಾನ ರದ್ದಾದರೆ ಅಥವಾ 2 ಗಂಟೆಯಾದರೂ ತಡವಾದರೆ ನಿಮ್ಮ ಹಕ್ಕುಗಳ ಪಠ್ಯವನ್ನು ಕೌಂಟರಿನಲ್ಲಿ ಕೇಳಿ ಪಡೆಯಿರಿ ಅಂತ. ಇನ್ನೊಂದು ತಮಾಷೆ. ಕಾಯುವವರಿಗೆ ಎರಡು ಫೋನ್ ಕರೆ ಉಚಿತ, ಅಥವಾ ಇಮೇಲ್, ಅಥವಾ ಫ್ಯಾಕ್ಸ್, ಅಥವಾ ಟೆಲೆಕ್ಸ್! ಟೆಲೆಕ್ಸ್ ಕಂಡವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಎರಡು ಕೈ ಮೇಲೆದ್ದಿವೆ. ಸಂತೋಷ.

ತಡದ ಲೆಕ್ಕದ ಬಗ್ಗೆ ಸ್ವಲ್ಪ. ನಿಯಮದ ಅಕ್ಷರದಲ್ಲಿ ಈ ಹಣ ಇದ್ದದ್ದು ವಿಮಾನ ರದ್ದಾದವರಿಗೆ. ತಡವಾದವರೂ ಅಷ್ಟೇ ಸಮಯ ಕಳೆದುಕೊಳ್ಳುತ್ತಾರೆ, ಅಲ್ವಾ? 2009ರಲ್ಲಿ ಅದೇ ನ್ಯಾಯಾಲಯ, 3 ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದವರಿಗೂ ಪರಿಹಾರ ಉಂಟು ಅಂದಿತು. ಮುಟ್ಟುವುದು ಅಂದರೆ ಯಾವಾಗ? ಅದಕ್ಕೂ ಒಂದು ಪ್ರಕರಣ ನಡೆಯಿತು. ಸಾಲ್ಸ್‌ಬರ್ಗ್‌ನಿಂದ ಕಲೋನ್‌ಗೆ ಹೋದ ವಿಮಾನ. ಚಕ್ರ ನೆಲ ಮುಟ್ಟಿದಾಗ 2 ಗಂಟೆ 58 ನಿಮಿಷ ತಡ. ನಿಲ್ಲುವ ಜಾಗಕ್ಕೆ ಬಂದಾಗ 3 ಗಂಟೆ 3 ನಿಮಿಷ. ಐದು ನಿಮಿಷದಲ್ಲಿ 250 ಯೂರೋ ಇತ್ತು. 2014ರಲ್ಲಿ ತೀರ್ಪು ಬಂತು: ಒಂದು ಬಾಗಿಲಾದರೂ ತೆರೆದಾಗಲೇ ಮುಟ್ಟಿದ ಹಾಗೆ. ಒಳಗೆ ಬಂಧಿಯಾಗಿ ಕೂತಿರುವಷ್ಟು ಹೊತ್ತು ನಮ್ಮ ಸಮಯ ನಮ್ಮದಲ್ಲ. ಆದ್ದರಿಂದ ಬಾಗಿಲು ತೆರೆದ ತಕ್ಷಣ ಗಡಿಯಾರ ನೋಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ. ಸರಿ, ಬೇಗ ಹೋಗುತ್ತೇನೆ.

ಪರಿಹಾರ ಇಲ್ಲದಿದ್ದರೂ ಊಟ, ವಸತಿ ಇದೆ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿತ್ತಲ್ಲ, ಆಗ ಪೋರ್ಚುಗಲ್ಲಿನ ಫಾರೊದಲ್ಲಿ ಸಿಕ್ಕಿಕೊಂಡ ಒಬ್ಬ ಪ್ರಯಾಣಿಕರು ಊಟ ವಸತಿಗೆ ಮಾಡಿದ ಸುಮಾರು 1,130 ಯೂರೋ ಖರ್ಚು ಕೇಳಿದರು. ಅದು ಅಸಾಧಾರಣವೇ, ಆದರೂ ನೋಡಿಕೊಳ್ಳುವ ಹೊಣೆ ತಪ್ಪದು ಅಂತ 2013ರಲ್ಲಿ ತೀರ್ಪಾಯಿತು. ಖರ್ಚು ಅಗತ್ಯವಾದದ್ದು, ಹಿತಮಿತವಾದದ್ದು ಆಗಿರಬೇಕು ಅಷ್ಟೆ. ರಸೀತಿ ಇಟ್ಟುಕೊಳ್ಳಿ. ಮುಷ್ಕರದ್ದು ಒಂದೇ ಮಾತು: ಕಂಪನಿಯ ಸ್ವಂತ ನೌಕರರು ಸಂಬಳಕ್ಕಾಗಿ ಮಾಡುವ ಮುಷ್ಕರ ಅಸಾಧಾರಣ ಅಲ್ಲ ಅಂತ 2021ರಲ್ಲಿ ಅದೇ ನ್ಯಾಯಾಲಯದಲ್ಲಿ ತೀರ್ಪಾಗಿದೆ.

ಭಾರತದೊಳಗೆ ಡಿಜಿಸಿಎ, ಅಂದರೆ ನಮ್ಮ ವಿಮಾನಯಾನ ನಿಯಂತ್ರಕರ ನಿಯಮ. ತಡಕ್ಕೆ ಇಲ್ಲಿ ನಗದು ಇಲ್ಲ. ತಿಂಡಿ, 6 ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಹಣ ವಾಪಸ್, ಕೆಲವು ಸಂದರ್ಭದಲ್ಲಿ ಹೋಟೆಲ್. ಇದು ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲೇ ಸರಿಯಾಗಿ ತಿಳಿಸದೆ ರದ್ದು ಮಾಡಿದರೆ, ಹಾರಾಟದ ಅವಧಿ ನೋಡಿ 5,000, 7,500 ಅಥವಾ 10,000 ರೂಪಾಯಿ. ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ. ಯಾವುದು ಕಡಿಮೆಯೋ ಅದು. ಇಲ್ಲೂ ಅಸಾಧಾರಣ ಪರಿಸ್ಥಿತಿಯ ವಿನಾಯಿತಿ ಇದೆ. ಒಂದು ಎಚ್ಚರಿಕೆ. ಬುಕ್ ಮಾಡುವಾಗ ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ಈ ಹಣ ಇಲ್ಲ. ಏಜೆಂಟರು ತಮ್ಮ ನಂಬರ್ ಹಾಕಿಬಿಡುತ್ತಾರೆ, ನಿಮ್ಮದೇ ಹಾಕಿಸಿ. ಕಂಪನಿ ಒಪ್ಪದಿದ್ದರೆ ದೂರು ಕೊಡಲು ಸರ್ಕಾರದ ಏರ್‌ಸೇವಾ ಜಾಲತಾಣ ಇದೆ, ಗ್ರಾಹಕರ ಆಯೋಗ ಇದೆ.

ಕೆನಡಾದಲ್ಲಿ 2019ರಿಂದ ದೊಡ್ಡ ಕಂಪನಿಗಳು ತಡಕ್ಕೆ 400ರಿಂದ 1,000 ಡಾಲರ್ ಕೊಡಬೇಕು, ಅವರದೇ ಕಾರಣವಾದರೆ. ಅಮೆರಿಕದಲ್ಲಿ ತಡಕ್ಕೆ ಅಂಥ ಪರಿಹಾರವಿಲ್ಲ, 2024ರ ನಿಯಮ ಹಣ ವಾಪಸಾತಿಯದು. ದೇಶದಿಂದ ದೇಶಕ್ಕೆ ಹೋಗುವಾಗ ಮಾಂಟ್ರಿಯಲ್ ಒಪ್ಪಂದ ಇದೆ, 1999ರದು, ಭಾರತ 2009ರಲ್ಲಿ ಸೇರಿತು. ಅಲ್ಲಿ ನಿಮಗಾದ ನಷ್ಟವನ್ನು ನೀವು ತೋರಿಸಬೇಕು. 2 ವರ್ಷದೊಳಗೆ ದಾವೆ ಹಾಕಬೇಕು. ಇದರ ಬಗ್ಗೆ ಬೇರೆಯೇ ಒಂದು ಸಂಜೆ ಬೇಕು.

ಐದು ನಿಮಿಷ ಅಂತ ಇನ್ನೊಂದು ಚೀಟಿ. ಹಾಗಾದರೆ ವೋಚರ್ ವಿಷಯ ಒಂದೇ ಹೇಳಿಬಿಡುತ್ತೇನೆ. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಅಂತಾರಲ್ಲ, ಮುಂಗಡ ದುಡ್ಡು ಕೊಟ್ಟು ಕಾಯುವವರ ಪಾಡು ಅದೇ ಆಗಬಾರದು. ಯುರೋಪಿನ ನಿಯಮದಲ್ಲಿ ಪರಿಹಾರ ನಗದು, ಬ್ಯಾಂಕ್ ವರ್ಗಾವಣೆ ಅಥವಾ ಚೆಕ್ ರೂಪದಲ್ಲೇ ಕೊಡಬೇಕು. ಪ್ರಯಾಣಿಕರು ಸಹಿ ಹಾಕಿ ಒಪ್ಪಿದರೆ ಮಾತ್ರ ವೋಚರ್. ಸಹಿ ಹಾಕುವ ಮುಂಚೆ ಓದಿ.

ಬಾಗಿಲ ಹತ್ತಿರ ಪತ್ರ ಕೊಟ್ಟವರು ಎಲ್ಲಿದ್ದೀರಿ? ಹಾಂ, ಹಿಂದಿನ ಸಾಲಿನಲ್ಲಿ. ನಿಮ್ಮ ವಿಮಾನ ಹೊರಡಬೇಕಿದ್ದದ್ದು ಫ್ರಾಂಕ್‌ಫರ್ಟ್‌ನಿಂದ ಅಂತ ಇದರಲ್ಲಿದೆ. ಆ ವೋಚರನ್ನು ಬಳಸಿಲ್ಲ ತಾನೆ? ಒಳ್ಳೆಯದಾಯಿತು. ಮುಂದೆ ಬನ್ನಿ. ಯಾವ ದೋಷ, ಯಾವಾಗ ಕಂಡಿತು, ತಪ್ಪಿಸಲು ಏನು ಮಾಡಿದಿರಿ ಅಂತ ಮೂರು ಪ್ರಶ್ನೆ ಕೇಳಿ ಉತ್ತರ ಬರೆಯೋಣ. ಯಾರ ಹತ್ತಿರ ಪೆನ್ನಿದೆ?