ಬೋರು ಫೇಲಾದರೆ ತಪ್ಪು ಯಾರದ್ದು?

ಎಲ್ಲರಿಗೂ ನಮಸ್ಕಾರ.

ಅದೃಷ್ಟ, ಹೊಣೆ, ಸಮಾನತೆ. ವಿಷಯ ಕೇಳೋಕೆ ಭಾರ ಅನಿಸಬಹುದು. ಆದರೆ ದಾವಣಗೆರೆಯಲ್ಲಿ ಕೂತು ಇದನ್ನು ಮಾತಾಡೋದು ಸುಲಭ. ಭದ್ರಾ ನಾಲೆ ಹರಿಯುವ ಹರಿಹರ, ಮಲೇಬೆನ್ನೂರು ಕಡೆ ಭತ್ತದ ಗದ್ದೆ, ಅಡಿಕೆ ತೋಟ. ಇದೇ ಜಿಲ್ಲೆಯ ಜಗಳೂರಿನ ಕಡೆ ಹೋದರೆ ಮಳೆ ನಂಬಿಕೊಂಡ ಮೆಕ್ಕೆಜೋಳ, ಶೇಂಗಾ. ಎಲ್ಲಿ ಹುಟ್ಟಬೇಕು ಅಂತ ಯಾರೂ ಕೇಳಿಕೊಂಡು ಬಂದಿಲ್ಲ. ಇಷ್ಟನ್ನು ಎಲ್ಲರೂ ಒಪ್ಪುತ್ತೇವೆ, ಅಲ್ವಾ? ತಕರಾರು ಶುರುವಾಗೋದು ಇದರ ಮುಂದೆ.

1971ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ ಹೇಳಿದ್ದು ಹೀಗೆ: ಹುಟ್ಟಿದ ಮನೆ, ಹುಟ್ಟಿನಿಂದ ಬಂದ ಬುದ್ಧಿ ಯಾರೂ ಸಂಪಾದಿಸಿದ್ದಲ್ಲ, ಅದರ ಮೇಲೆ ಯಾರ ಪಾಲು ಎಷ್ಟು ಅಂತ ತೀರ್ಮಾನ ಆಗಬಾರದು. ಕಷ್ಟಪಟ್ಟು ದುಡಿಯುವ ಮನಸ್ಸಿನ ಮೇಲೂ ಬೆಳೆದ ಮನೆಯ ಪ್ರಭಾವ ಇರುತ್ತದೆ ಅಂದರು. ಹತ್ತು ವರ್ಷದ ನಂತರ, 1981ರಲ್ಲಿ, ಇನ್ನೊಬ್ಬ ತತ್ವಶಾಸ್ತ್ರಜ್ಞ ರೊನಾಲ್ಡ್ ಡ್ವೋರ್ಕಿನ್ ಅದೃಷ್ಟವನ್ನು ಎರಡು ಮಾಡಿದರು. ತಾನಾಗಿ ಬಂದು ಎರಗೋದು ಒಂದು, ಗೊತ್ತಿದ್ದೂ ಅಪಾಯಕ್ಕೆ ಕೈ ಹಾಕಿ ತಂದುಕೊಳ್ಳೋದು ಇನ್ನೊಂದು. ಸಿಡಿಲು ಬಡಿದರೆ ಮೊದಲನೆಯದು, ಇಸ್ಪೀಟಿನಲ್ಲಿ ದುಡ್ಡು ಕಳೆದರೆ ಎರಡನೆಯದು. ಮೊದಲನೆಯದಕ್ಕೆ ಸಮಾಜ ಹೆಗಲು ಕೊಡಬೇಕು. ಎರಡನೆಯದಕ್ಕೆ, ಮಾಡಿದ್ದುಣ್ಣೋ ಮಹರಾಯ.

ಈಗ ಹೇಳಿ, ಬೋರ್‌ವೆಲ್ ಯಾವುದಕ್ಕೆ ಸೇರುತ್ತದೆ?

ನಿಮ್ಮಲ್ಲಿ ತುಂಬಾ ಜನ ಕಣ್ಣಾರೆ ನೋಡಿರುತ್ತೀರಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಹೊಲವೆಲ್ಲ ಸುತ್ತಿ ಪಾಯಿಂಟ್ ತೋರಿಸುತ್ತಾರೆ. ಬೋರಿನ ಲಾರಿ ಬರುತ್ತದೆ, ಪೂಜೆ ಆಗುತ್ತದೆ, ಒಂದರ ಹಿಂದೆ ಒಂದು ರಾಡು ಇಳಿಯುತ್ತದೆ. ರೇಟು ಅಡಿ ಲೆಕ್ಕದಲ್ಲಿ. ಮೇಲೆ ಬರೋದು ಬರೀ ಒಣ ಕಲ್ಲುಪುಡಿ. ನಿಲ್ಲಿಸೋಣವಾ ಅಂತ ಲಾರಿಯವರು ಕೇಳಿದರೆ, ಇನ್ನೊಂದು ಐವತ್ತು ಅಡಿ ನೋಡಿಬಿಡೋಣ ಅನ್ನುತ್ತಾನೆ ಹೊಲದ ಯಜಮಾನ, ಯಾಕಂದರೆ ಇಲ್ಲಿಗೆ ನಿಲ್ಲಿಸಿದರೆ ಇಷ್ಟು ಹೊತ್ತು ಸುರಿದ ದುಡ್ಡೆಲ್ಲ ನೀರು ಸಿಗದೆ ದಂಡವಾಯಿತು, ಅದೂ ಹೆಂಡತಿಯ ಒಡವೆ ಅಡವಿಟ್ಟು ತಂದ ದುಡ್ಡು.

ಆ ಐವತ್ತು ಅಡಿ ಅವನ ಬಾಯಿಂದಲೇ ಬಂದಿದ್ದು. ಯಾರೂ ಬಲವಂತ ಮಾಡಿಲ್ಲ. ಹಾಗಾದರೆ ತಪ್ಪು ಅವನದ್ದೇ? ನಾನು ಒಪ್ಪುವುದಿಲ್ಲ. ಅವನ ಮುಂದೆ ಇದ್ದಿದ್ದು ಏನೇನು ಅಂತ ನೋಡಿ. ಬೋರು ಕೊರೆಸೋದು, ಮಳೆ ಕಾಯೋದು, ಇಲ್ಲಾ ಬೆಂಗಳೂರಿಗೆ ಗುಳೆ ಹೋಗೋದು. ನಾಲೆಯ ಮೇಲ್ಭಾಗದಲ್ಲಿ ಗದ್ದೆ ಇರುವವನಿಗೆ ಈ ಜೂಜು ಆಡುವ ಪ್ರಮೇಯ ಬರೋದು ಅಪರೂಪ. ಆರಿಸಿದ್ದು ಇವನೇ, ನಿಜ. ಆದರೆ ಆರಿಸೋಕೆ ಏನಿರಬೇಕು ಅನ್ನೋದು ಇವನ ಕೈಯಲ್ಲಿ ಯಾವತ್ತೂ ಇರಲಿಲ್ಲ. ಡ್ವೋರ್ಕಿನ್ ಕೂಡ ಈ ಎರಡು ಥರದ ಅದೃಷ್ಟದ ನಡುವೆ ಇರೋದು ಗೆರೆ ಎಳೆದಂಥ ಭೇದ ಅಲ್ಲ, ಪ್ರಮಾಣದ ವ್ಯತ್ಯಾಸ ಅಂತ ಒಪ್ಪಿಕೊಂಡಿದ್ದರು. ಅದನ್ನು ಮರೆತು ಅವರ ಹೆಸರಲ್ಲಿ ಬಡವರ ಮೇಲೆ ತೀರ್ಪು ಕೊಡೋದು ನನಗೆ ಸಂಕಟ ತರುತ್ತದೆ.

ತಾನಾಗಿ ಬಂದು ಎರಗುವ ಕಷ್ಟಕ್ಕೆ ಡ್ವೋರ್ಕಿನ್ ಕೊಟ್ಟ ಉತ್ತರ ವಿಮೆ. ಎಲ್ಲರ ಕೈಯಲ್ಲೂ ಒಂದೇ ಸಮ ದುಡ್ಡಿದ್ದು, ಕಷ್ಟ ಯಾರಿಗೆ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ಜನ ಎಷ್ಟು ವಿಮೆ ಮಾಡಿಸುತ್ತಿದ್ದರು? ಆ ಲೆಕ್ಕದಲ್ಲಿ ತೆರಿಗೆ ಎತ್ತಿ ನೆರವು ಕೊಡಿ ಅಂದರು. ಒಳ್ಳೆಯ ವಿಚಾರ. ನಮ್ಮಲ್ಲೂ 2016ರಿಂದ ಫಸಲ್ ಬಿಮಾ ಯೋಜನೆ, ಅಂದರೆ ಸರ್ಕಾರದ ಬೆಳೆ ವಿಮೆ ಇದೆ. ಮುಂಗಾರಿನ ಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟೋದು ವಿಮಾ ಮೊತ್ತದಲ್ಲಿ ಹೆಚ್ಚೆಂದರೆ 2%. ಆದರೆ ಇಳುವರಿ ನಷ್ಟದ ಲೆಕ್ಕ ನಿಮ್ಮ ಹೊಲ ನೋಡಿ ಆಗೋದಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ, ಅಲ್ಲಿ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ, ಹಾಗಾಗಿ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದು ನಿಮ್ಮ ಒಂದೇ ಹೊಲ ಮಳೆ ಇಲ್ಲದೆ ಒಣಗಿದ್ದರೆ ಬಿಡಿಗಾಸೂ ಬರೋದಿಲ್ಲ. ಫೇಲಾದ ಬೋರಿನ ಸಾಲ ಅಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ವಿಮೆ ಮಾಡಿಸಬಹುದಿತ್ತಲ್ಲ ಅನ್ನೋ ಮಾತನ್ನು ಸುಮ್ನೆ ಆಡಬಾರದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಜಾನ್ ರೋಮರ್ ಅಂತ ಒಬ್ಬ ಅರ್ಥಶಾಸ್ತ್ರಜ್ಞರಿದ್ದಾರೆ. ಶ್ರಮವನ್ನು ಅಳೆಯುವಾಗ ಒಂದೇ ಥರದ ಪರಿಸ್ಥಿತಿಯಿಂದ ಬಂದವರ ಜೊತೆ ಹೋಲಿಸಿ ಅನ್ನುತ್ತಾರೆ. ಹಾಸ್ಟೆಲ್‌ನಲ್ಲಿದ್ದು 70% ತೆಗೆದ ಹುಡುಗಿ ತನ್ನಂಥವರಲ್ಲಿ ಮೊದಲಿದ್ದರೆ, ಕೋಚಿಂಗ್‌ಗೆ ಹೋಗಿ 90% ತೆಗೆದು ತನ್ನಂಥವರಲ್ಲಿ ನಡುವೆ ಇರುವ ಹುಡುಗನಿಗಿಂತ ಅವಳ ಶ್ರಮ ಜಾಸ್ತಿ.

ಇನ್ನು 1999ರಲ್ಲಿ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆಂಡರ್ಸನ್ ಎತ್ತಿದ ಪ್ರಶ್ನೆ. ವಿಮೆ ಇಲ್ಲದ ಚಾಲಕ ತನ್ನದೇ ತಪ್ಪಿನಿಂದ ಅಪಘಾತ ಮಾಡಿಕೊಂಡ. ತಪ್ಪು ಅವನದ್ದು ಅಂತ ಆಂಬ್ಯುಲೆನ್ಸ್‌ನವರು ರಸ್ತೆ ಬದಿ ಬಿಟ್ಟು ಹೋಗಬಹುದಾ? ನಮ್ಮ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದವನನ್ನು ನೆನೆಸಿಕೊಳ್ಳಿ. ಯಾವ ತಪ್ಪು ಮಾಡಿದರೂ ಒಂದು ಮಟ್ಟಕ್ಕಿಂತ ಕೆಳಗೆ ಯಾರನ್ನೂ ಬೀಳಲು ಬಿಡಬಾರದು ಅನ್ನುತ್ತಾರೆ ಆಂಡರ್ಸನ್. ನೆರವು ಕೇಳುವವರು ತಾವು ಎಷ್ಟು ನತದೃಷ್ಟರು ಅಂತ ಕಚೇರಿ ಮುಂದೆ ಸಾಬೀತು ಮಾಡುವಂತೆ ಆಗೋದು ಅವಮಾನ ಅನ್ನೋದೂ ಅವರ ಮಾತು. ಎರಡೂ ನನಗೆ ಪೂರ್ತಿ ಒಪ್ಪಿಗೆ.

ಹಾಗಂತ ಹೊಣೆ ಅನ್ನೋದೇ ಬೇಡ ಅಂತಲ್ಲ. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಕಳೆದವನ ಸಾಲವನ್ನು ಊರವರು ತೀರಿಸಬೇಕಿಲ್ಲ. ಅವನಿಗೆ ಪಡಿತರ ಅಕ್ಕಿ, ಆಸ್ಪತ್ರೆ ತಪ್ಪಬಾರದು, ಅಷ್ಟೇ. ಆದರೆ ಅವನಿಗೂ, ಬೋರು ಕೊರೆಸಿ ಕೂತ ಆ ರೈತನಿಗೂ, ಪಿಯುಸಿ ಓದುವ ಮಗಳಿದ್ದಾಳೆ ಅಂದುಕೊಳ್ಳಿ. ಅಪ್ಪ ಆರಿಸಿಕೊಂಡಿದ್ದು ಮಗಳ ಪಾಲಿಗೆ ತಾನಾಗಿ ಬಂದು ಎರಗಿದ ಅದೃಷ್ಟ, ಸಿಡಿಲಿನಷ್ಟೇ. ಅವಳ ಫೀಸು, ಹಾಸ್ಟೆಲ್ ಸೀಟಿನ ವಿಚಾರ ಬಂದಾಗ ಅಪ್ಪ ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.